ದೈತ್ಯ ಹೋದ ಮರುದಿನ: 1954ರ ಗಾಡ್ಜಿಲ್ಲಾ, ಒಂದು ಪ್ರಕರಣ ಅಧ್ಯಯನ

ತೊಮೊಯುಕಿ ತನಾಕಾ ಮಾಡಲು ಹೊರಟಿದ್ದದ್ದು ಬೇರೆಯೇ ಸಿನಿಮಾ. ಟೋಹೊ ಕಂಪನಿಯ ಈ ನಿರ್ಮಾಪಕರು 1954ರಲ್ಲಿ ಇಂಡೋನೇಷ್ಯಾದವರ ಜೊತೆ ಸೇರಿ ಯುದ್ಧದ ಹಿನ್ನೆಲೆಯ ಒಂದು ದೊಡ್ಡ ಚಿತ್ರ ತೆಗೆಯಬೇಕಿತ್ತು. ಎರಡೂ ದೇಶಗಳ ನಡುವೆ ಯುದ್ಧದ ಗಾಯ ಇನ್ನೂ ಆರಿರಲಿಲ್ಲ. ಜಪಾನಿ ತಂಡಕ್ಕೆ ವೀಸಾ ಸಿಗಲಿಲ್ಲ, ಚಿತ್ರ ನಿಂತುಹೋಯಿತು. ತನಾಕಾ ಜಕಾರ್ತಾದಿಂದ ಬರಿಗೈಯಲ್ಲಿ ವಾಪಸ್ ಹೊರಟರು. ವಿಮಾನದಲ್ಲಿ ಕೂತು ಕೆಳಗಿನ ಸಮುದ್ರ ನೋಡುತ್ತಿದ್ದಾಗ, ಈ ನೀರಿನ ತಳದಿಂದ ಏನೋ ಒಂದು ಎದ್ದು ಬಂದರೆ ಹೇಗಿರುತ್ತದೆ ಎಂಬ ಯೋಚನೆ ಬಂತು ಅಂತ ಅವರು ಮುಂದೆ ಹೇಳಿಕೊಂಡಿದ್ದಾರೆ. ಖಾಲಿಯಾದ ಜಾಗಕ್ಕೆ ಬೇಗ ಒಂದು ಸಿನಿಮಾ ಬೇಕಿತ್ತು. ಅದೇ ವರ್ಷ ನವೆಂಬರ್ 3ಕ್ಕೆ ಆ ಸಿನಿಮಾ ಜಪಾನಿನ ಚಿತ್ರಮಂದಿರಗಳಿಗೆ ಬಂದೂ ಬಿಟ್ಟಿತು. ಅಲ್ಲಿ ಅದರ ಹೆಸರು 'ಗೊಜಿರಾ', ನಮಗೆಲ್ಲ ಗಾಡ್ಜಿಲ್ಲಾ.

ಆ ಯೋಚನೆಗೆ ಬೇಕಾದದ್ದೆಲ್ಲ ಆ ವಾರಗಳ ಪತ್ರಿಕೆಗಳಲ್ಲೇ ಇತ್ತು. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ಶಕ್ತಿ 15 ಮೆಗಾಟನ್. ಹಿರೋಶಿಮಾದ ಬಾಂಬಿನ ಸುಮಾರು ಸಾವಿರ ಪಟ್ಟು, ವಿಜ್ಞಾನಿಗಳೇ ಅಂದಾಜು ಮಾಡಿದ್ದಕ್ಕಿಂತ ಎರಡೂವರೆ ಪಟ್ಟು. ಅಪಾಯದ ಪ್ರದೇಶ ಅಂತ ಗುರುತು ಮಾಡಿದ್ದ ಗೆರೆಯ ಆಚೆಗೇ ಇದ್ದ 'ದೈಗೊ ಫುಕುರ್ಯು ಮಾರು' ಎಂಬ ಟ್ಯೂನಾ ಮೀನಿನ ದೋಣಿಯ ಮೇಲೆ ಗಂಟೆಗಟ್ಟಲೆ ಬಿಳಿ ಬೂದಿ ಉದುರಿತು. ದೋಣಿಯಲ್ಲಿದ್ದವರು 23 ಜನ. ಅದೇನೆಂದು ಅವರಿಗೆ ಗೊತ್ತಿರಲಿಲ್ಲ. ಎರಡು ವಾರದ ನಂತರ ಯೈಜು ಬಂದರಿಗೆ ಮರಳುವಷ್ಟರಲ್ಲಿ ಮೈಮೇಲೆ ಸುಟ್ಟ ಗಾಯ, ಕೂದಲು ಉದುರುವುದು, ವಾಂತಿ ಎಲ್ಲ ಶುರುವಾಗಿತ್ತು. ಸುದ್ದಿ ಹೊರಬೀಳುವ ಮೊದಲೇ ಅವರು ಹಿಡಿದ ಮೀನು ಮಾರುಕಟ್ಟೆಗೆ ಹೋಗಿತ್ತು. ಆಮೇಲೆ ಮೀನಿನ ರಾಶಿಗಳ ಮೇಲೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು ಪರೀಕ್ಷೆ ಮಾಡಿದರು, ಎಷ್ಟೋ ಮೀನನ್ನು ಗುಂಡಿ ತೋಡಿ ಹೂತರು, ಮನೆಗಳಲ್ಲಿ ಟ್ಯೂನಾ ತಿನ್ನುವುದನ್ನೇ ಬಿಟ್ಟರು. ಟೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಬಾಂಬ್ ವಿರುದ್ಧ ಸಹಿ ಸಂಗ್ರಹಕ್ಕೆ ಇಳಿದರು. ಅದು ಮುಂದೆ ದೇಶದ ತುಂಬ ಹರಡಿ ಕೋಟಿಗಟ್ಟಲೆ ಸಹಿ ಬಿತ್ತು. ದೋಣಿಯ ರೇಡಿಯೋ ಆಪರೇಟರ್ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಚಿತ್ರದ ಬಿಡುಗಡೆಗೆ ಆಗ ಉಳಿದಿದ್ದದ್ದು ಆರು ವಾರ.

ಈ ಹಿನ್ನೆಲೆ ಬಿಟ್ಟು ಗಾಡ್ಜಿಲ್ಲಾ ನೋಡಿದರೆ ಅರ್ಧ ಸಿನಿಮಾ ಮಾತ್ರ ಕಾಣುತ್ತದೆ.

ವ್ಯಾಪಾರದ ಲೆಕ್ಕವೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. 1933ರ 'ಕಿಂಗ್ ಕಾಂಗ್' 1952ರಲ್ಲಿ ಮತ್ತೆ ಬಿಡುಗಡೆಯಾಗಿ ಚೆನ್ನಾಗಿ ದುಡ್ಡು ಮಾಡಿತ್ತು. 1953ರಲ್ಲಿ ಅಮೆರಿಕದವರು ಅಣುಬಾಂಬಿನಿಂದ ಎಚ್ಚೆತ್ತ ಪ್ರಾಣಿಯೊಂದು ನಗರಕ್ಕೆ ನುಗ್ಗುವ ಚಿತ್ರ ಮಾಡಿದ್ದರು. ತನಾಕಾ ಅದನ್ನೆಲ್ಲ ನೋಡಿಕೊಂಡೇ ಟೋಹೊದ ಮುಖ್ಯ ನಿರ್ಮಾಪಕ ಇವಾವೊ ಮೋರಿ ಅವರ ಮುಂದೆ ವಿಷಯ ಇಟ್ಟರು. ಒಪ್ಪಿಗೆ ಸಿಕ್ಕಿತು. ಕಾಗದಪತ್ರದಲ್ಲಿ ಅದನ್ನು ಗುಟ್ಟಾಗಿ 'ಜಿ ಯೋಜನೆ' ಅಂತ ಕರೆದರು. ಕಥೆ ಬರೆದವರು ಶಿಗೆರು ಕಾಯಾಮಾ. ಮೊದಲು ಗೊತ್ತುಮಾಡಿದ್ದ ನಿರ್ದೇಶಕರು ಬೇರೆ ಚಿತ್ರದಲ್ಲಿದ್ದರು, ಹಾಗಾಗಿ ಕೆಲಸ ಇಶಿರೊ ಹೊಂಡಾ ಅವರಿಗೆ ಬಂತು.

ಈ ಪ್ರಕರಣದಲ್ಲಿ ನನ್ನ ಮಟ್ಟಿಗೆ ಎಲ್ಲವನ್ನೂ ಬದಲಿಸಿದ ತೀರ್ಮಾನ ಇದೇ. ಹೊಂಡಾ ಪದೇಪದೇ ಸೇನೆಗೆ ಕರೆಸಿಕೊಂಡವರು. ಚೀನಾದಲ್ಲಿ ವರ್ಷಗಳನ್ನು ಕಳೆದು, ಕೊನೆಗೆ ಅಲ್ಲೇ ಯುದ್ಧಕೈದಿಯಾಗಿದ್ದವರು. 1946ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಹಿರೋಶಿಮಾದ ಮೂಲಕ ಹಾದುಹೋದರು. ಏನೂ ಉಳಿಯದ ಆ ಊರನ್ನು ಕಣ್ಣಾರೆ ಕಂಡವರ ಕೈಗೆ ದೈತ್ಯದ ಕಥೆ ಸಿಕ್ಕಿದಾಗ ಅವರು ಅದನ್ನು ತಮಾಷೆಯ ವಸ್ತು ಅಂತ ನೋಡಲೇ ಇಲ್ಲ. ತಂಡದವರಿಗೆ ಚಿತ್ರಕಥೆ ಓದಲು ಕೊಟ್ಟು, ಇದರಲ್ಲಿ ನಂಬಿಕೆ ಬರದವರು ಈಗಲೇ ಹೇಳಿ ಹೊರಟುಬಿಡಿ ಅಂದಿದ್ದರಂತೆ. ಅವರೂ ತಾಕೆಯೊ ಮುರಾತಾ ಅವರೂ ಒಂದು ತಂಗುಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಸುಮಾರು ಮೂರು ವಾರದಲ್ಲಿ ಚಿತ್ರಕಥೆ ಮುಗಿಸಿದರು. ಕಾಯಾಮಾ ಬರೆದಿದ್ದ ಮೂಲ ಕಥೆಯಲ್ಲಿ ಆ ಮೀನುಗಾರರ ದೋಣಿಯ ಪ್ರಸ್ತಾಪ ನೇರವಾಗಿಯೇ ಇತ್ತು. ಅದನ್ನು ತೆಗೆದರು. ಜನ ಇನ್ನೂ ಆಸ್ಪತ್ರೆಯಲ್ಲಿ ನರಳುತ್ತಿರುವಾಗ ಅವರ ಹೆಸರಲ್ಲಿ ಕಥೆ ಕಟ್ಟುವುದು ಸರಿಯಲ್ಲ ಅನ್ನಿಸಿರಬೇಕು. ಆದರೆ ಚಿತ್ರ ಶುರುವಾಗುವುದು ಹೇಗೆ ನೋಡಿ: ಒಂದು ಹಡಗು, ಡೆಕ್ ಮೇಲೆ ಹಾರ್ಮೋನಿಕಾ ಮತ್ತು ಗಿಟಾರ್ ನುಡಿಸುತ್ತಾ ಕೂತ ನಾವಿಕರು, ಇದ್ದಕ್ಕಿದ್ದಂತೆ ಸಮುದ್ರದಲ್ಲಿ ಕಣ್ಣು ಕೋರೈಸುವ ಬೆಳಕು, ಬೆಂಕಿ. ದೋಣಿಯ ಹೆಸರು ಹೇಳದಿದ್ದರೂ ಅವತ್ತಿನ ಪ್ರೇಕ್ಷಕರಲ್ಲಿ ಒಬ್ಬರಿಗೂ ಇದು ಅರ್ಥವಾಗದೆ ಇದ್ದಿರಲಾರದು.

ಇನ್ನು ದೈತ್ಯ. ವಿಶೇಷ ದೃಶ್ಯಗಳ ಹೊಣೆ ಏಜಿ ತ್ಸುಬುರಾಯಾ ಅವರದು. ಯುದ್ಧಕಾಲದಲ್ಲಿ ಇದೇ ಟೋಹೊಗಾಗಿ ಪರ್ಲ್ ಹಾರ್ಬರ್ ದಾಳಿಯನ್ನು ಪುಟ್ಟ ಮಾದರಿಗಳಲ್ಲಿ ಮರುಸೃಷ್ಟಿಸಿ ಸೇನೆಯ ಪ್ರಚಾರ ಚಿತ್ರಕ್ಕೆ ಕೆಲಸ ಮಾಡಿದ್ದರು, ಯುದ್ಧ ಮುಗಿದ ಮೇಲೆ ಅದೇ ಕಾರಣಕ್ಕೆ ಸ್ಟುಡಿಯೋದಿಂದ ಹೊರಗಾಗಿದ್ದರು. 'ಕಿಂಗ್ ಕಾಂಗ್' ನೋಡಿದಾಗಿನಿಂದ ಅಂಥದ್ದೊಂದು ಮಾಡಬೇಕೆಂಬ ಆಸೆ ಅವರಿಗಿತ್ತು. ಅದರಲ್ಲಿದ್ದಂತೆ ಗೊಂಬೆಯನ್ನು ಒಂದೊಂದು ಫ್ರೇಮಿಗೆ ಸ್ವಲ್ಪಸ್ವಲ್ಪ ಸರಿಸುತ್ತಾ ಚಿತ್ರೀಕರಿಸುವ ವಿಧಾನವೇ ಅವರಿಗೆ ಬೇಕಿತ್ತು. ಎಷ್ಟು ಸಮಯ ಬೇಕು ಅಂತ ಕೇಳಿದಾಗ ಏಳು ವರ್ಷ ಅಂದರಂತೆ. ಕೈಯಲ್ಲಿದ್ದದ್ದು ಕೆಲವೇ ತಿಂಗಳು. ಕೊನೆಗೆ ಮನುಷ್ಯನಿಗೇ ದೈತ್ಯದ ವೇಷ ಹಾಕಿಸುವುದು ಅಂತ ಆಯಿತು.

ಆ ವೇಷ ತಯಾರಾದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಕಿರಾ ವತನಾಬೆ ವಿನ್ಯಾಸ ಮಾಡಿದರು, ತೇಜೊ ತೊಶಿಮಿತ್ಸು ಜೇಡಿಮಣ್ಣಿನಲ್ಲಿ ಮಾದರಿ ತಿದ್ದಿದರು. ಒಳಗೆ ಬಿದಿರು ಮತ್ತು ತಂತಿಯ ಚೌಕಟ್ಟು, ಮೇಲೆ ಬಟ್ಟೆ ಮತ್ತು ಮೆತ್ತೆ, ಅದರ ಮೇಲೆ ಕರಗಿಸಿದ ರಬ್ಬರ್ ಪದರಗಳು. ಚರ್ಮ ಹಲ್ಲಿಯಂತೆ ನುಣುಪಾಗಿಲ್ಲ. ಮೈತುಂಬ ಗಂಟುಗಂಟು. ಬಾಂಬಿನಿಂದ ಬದುಕುಳಿದವರ ಮೈಮೇಲೆ ಸುಟ್ಟ ಗಾಯ ಒಣಗಿ ಉಬ್ಬಿದ ಕಲೆಗಳ ನೆನಪು ತರುವ ಹಾಗಿದೆ. ಮೊದಲು ಮಾಡಿದ ಸೂಟು 100 ಕಿಲೋ ತೂಗುತ್ತಿತ್ತು, ಬಾಗುತ್ತಲೂ ಇರಲಿಲ್ಲ. ಅದನ್ನು ಹಾಕಿಕೊಂಡವರು ಕೆಲವೇ ಹೆಜ್ಜೆ ಇಡುವಷ್ಟರಲ್ಲಿ ಸುಸ್ತಾದರು. ಹಾಗಂತ ಬಿಸಾಡಲಿಲ್ಲ. ಎರಡು ತುಂಡು ಮಾಡಿ, ಬರೀ ಕಾಲು ಅಥವಾ ಬರೀ ಮೇಲಿನ ಭಾಗ ತೋರಿಸುವ ಶಾಟ್‌ಗಳಿಗೆ ಬಳಸಿಕೊಂಡು, ನಡೆದಾಡಲು ಇನ್ನೊಂದು ಸೂಟು ಮಾಡಿದರು.

ಒಳಗಿದ್ದವರು ಹರುವೊ ನಕಾಜಿಮಾ. ಆಗ ಅವರಿಗೆ 25 ವರ್ಷ. ಅದೇ ವರ್ಷ ಬಂದ ಅಕಿರಾ ಕುರೊಸಾವಾ ಅವರ 'ಸೆವೆನ್ ಸಮುರಾಯ್' ಚಿತ್ರದ ದರೋಡೆಕೋರರಲ್ಲಿ ಅವರೂ ಒಬ್ಬರು. ಕತ್ಸುಮಿ ತೆಜುಕಾ ಎಂಬ ಇನ್ನೊಬ್ಬ ನಟರೂ ಸೂಟಿನೊಳಗೆ ಹೋಗುತ್ತಿದ್ದರು, ಆದರೆ ಹೆಚ್ಚಿನ ಕೆಲಸ ನಕಾಜಿಮಾ ಅವರದೇ. ದೊಡ್ಡ ಪ್ರಾಣಿ ಹೇಗೆ ಹೆಜ್ಜೆ ಇಡುತ್ತದೆ, ಹೇಗೆ ತಿರುಗುತ್ತದೆ ಅಂತ ಕಲಿಯಲು ಅವರು ಉಯೆನೊ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಾ ನಿಲ್ಲುತ್ತಿದ್ದರು. ಸ್ಟುಡಿಯೋ ದೀಪಗಳ ಕಾವು, ರಬ್ಬರಿನ ವಾಸನೆ, ಗಾಳಿ ಆಡದ ಒಳಭಾಗ. ಕೆಲವು ನಿಮಿಷ ನಟಿಸಿ ಹೊರಬಂದರೆ ಸೂಟಿನಿಂದ ಬೆವರನ್ನು ಸುರಿದು ಖಾಲಿ ಮಾಡಬೇಕಾಗುತ್ತಿತ್ತು. ಚಿತ್ರೀಕರಣ ಮುಗಿಯುವಷ್ಟರಲ್ಲಿ ಅವರ ತೂಕ ಸುಮಾರು 9 ಕಿಲೋ ಇಳಿದಿತ್ತು. ಅವರ ಪ್ರತಿ ಹೆಜ್ಜೆಯನ್ನೂ ಕ್ಯಾಮೆರಾ ಜಾಸ್ತಿ ವೇಗದಲ್ಲಿ ಓಡಿಸಿ ಸೆರೆಹಿಡಿದರು, ತೆರೆಯ ಮೇಲೆ ಅದೇ ಹೆಜ್ಜೆ ನಿಧಾನವಾಗಿ, 50 ಮೀಟರ್ ಎತ್ತರದ ದೇಹಕ್ಕೆ ತಕ್ಕ ಭಾರದಲ್ಲಿ ಬೀಳುತ್ತದೆ. ನಕಾಜಿಮಾ 1972ರವರೆಗೆ ಈ ಪಾತ್ರ ಮಾಡಿದರು. ಸೂಟಿನೊಳಗೆ ಮುಖ ಕಾಣಿಸದೆಯೇ ಇಷ್ಟೊಂದು ಜನರನ್ನು ಮುಟ್ಟಿದ ನಟ ಅವರು. ಅವರ ಹೆಸರು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ನಗರವನ್ನು 25ರಲ್ಲಿ 1 ಪ್ರಮಾಣದಲ್ಲಿ ಕಟ್ಟಿದರು. ಗಿಂಜಾದ ಗಡಿಯಾರದ ಕಟ್ಟಡ, ಮತ್ಸುಜಕಾಯಾ ಮಳಿಗೆ, ಸಂಸತ್ ಭವನ, ಟೋಹೊದ್ದೇ ಆದ ನಿಚಿಗೆಕಿ ಚಿತ್ರಮಂದಿರ, ಎಲ್ಲವೂ ಟೋಕಿಯೋದವರು ದಿನಾ ನೋಡುವ ಜಾಗಗಳು. ಹೊಂಡಾ ಮತ್ತು ತ್ಸುಬುರಾಯಾ ಒಂದು ಮಳಿಗೆಯ ತಾರಸಿ ಹತ್ತಿ ಎಲ್ಲಿಂದ ಬೆಂಕಿ ಹಚ್ಚಬೇಕು, ಯಾವ ಕಟ್ಟಡ ಮೊದಲು ಬೀಳಬೇಕು ಅಂತ ಮಾತಾಡಿಕೊಳ್ಳುತ್ತಿದ್ದಾಗ ಕಾವಲುಗಾರರು ಅನುಮಾನಪಟ್ಟು ತಡೆದು ವಿಚಾರಿಸಿದರು ಎಂಬ ಕಥೆ ಪ್ರಸಿದ್ಧ. ಕಟ್ಟಡಗಳು ಬೀಳುವಾಗ ಸರಿಯಾಗಿ ಪುಡಿಯಾಗಲಿ ಅಂತ ಗೋಡೆಗಳಲ್ಲಿ ಮೊದಲೇ ಗೆರೆ ಕೊಯ್ದಿಡುತ್ತಿದ್ದರು. ಹೈಟೆನ್ಷನ್ ತಂತಿಯ ಗೋಪುರಗಳು ದೈತ್ಯದ ಸುಡುವ ಉಸಿರಿಗೆ ಕರಗಿ ಬಾಗುವ ಶಾಟ್ ಇದೆಯಲ್ಲ, ಆ ಗೋಪುರಗಳ ತುದಿ ಮೇಣದ್ದು. ಬಿಸಿ ದೀಪ ಹಿಡಿದು ಕರಗಿಸಿದರು. ಇವತ್ತಿಗೂ ಆ ಶಾಟ್ ನೋಡಿದರೆ ಮೈ ಝುಂ ಅನ್ನುತ್ತದೆ, ಅದರಲ್ಲಿ ನಿಜವಾದ ವಸ್ತುವೊಂದು ನಿಜವಾಗಿ ಕರಗುತ್ತಿದೆ.

ಎಲ್ಲವೂ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಬೆಟ್ಟದ ಹಿಂದಿನಿಂದ ಮೊದಲ ಸಲ ಇಣುಕುವ ತಲೆ ಕೈಗೊಂಬೆ ಅಂತ ಗೊತ್ತಾಗುತ್ತದೆ, ವಿಮಾನಗಳು ಆಟಿಕೆಯಂತೆ ಕಾಣುತ್ತವೆ. ಆದರೆ ರಾತ್ರಿಯ ದಾಳಿ ಶುರುವಾದ ಮೇಲೆ ಅದೆಲ್ಲ ಮರೆತುಹೋಗುತ್ತದೆ. ಉರಿಯುವ ಟೋಕಿಯೋ ಪ್ರೇಕ್ಷಕರಿಗೆ ಹೊಸದಲ್ಲ. 1945ರ ಮಾರ್ಚ್ 10ರ ಬೆಂಕಿಬಾಂಬ್ ದಾಳಿಯಲ್ಲಿ ಒಂದೇ ರಾತ್ರಿ ಸುಮಾರು 1 ಲಕ್ಷ ಜನ ಸತ್ತಿದ್ದರು. ಅದಾಗಿ ಆಗಿನ್ನೂ ಒಂಬತ್ತು ವರ್ಷ.

ಸದ್ದಿನ ಬಗ್ಗೆಯೂ ಹೇಳಲೇಬೇಕು. ಸಂಗೀತ ಅಕಿರಾ ಇಫುಕುಬೆ ಅವರದು. ಪ್ರಾಣಿಗಳ ಕೂಗನ್ನೆಲ್ಲ ಪ್ರಯತ್ನಿಸಿ ನೋಡಿ ಯಾವುದೂ ಹೊಂದದೆ ಹೋದಾಗ, ಡಬಲ್ ಬಾಸ್ ವಾದ್ಯದ ತಂತಿ ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಅದನ್ನು ಉಜ್ಜಿ ಬಂದ ಸದ್ದನ್ನು ನಿಧಾನಗೊಳಿಸಿದರು. ಅದೇ ಆ ಗರ್ಜನೆ. ಕೇಳಿದರೆ ಸಿಟ್ಟಿನ ಜೊತೆಗೆ ನೋವೂ ಇದೆ ಅನ್ನಿಸುತ್ತದೆ. ಈ ದೈತ್ಯವೂ ಬಾಂಬಿಗೆ ಸಿಕ್ಕು ಬೆಂದದ್ದೇ ಅಲ್ವಾ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಚಿತ್ರದ ಶಕ್ತಿ ಇರುವುದು ಕಟ್ಟಡ ಬೀಳುವ ದೃಶ್ಯಗಳಿಗಿಂತ ಹೆಚ್ಚಾಗಿ ಅದರ ಮುಂಚೆ ಮತ್ತು ಆಮೇಲೆ ಬರುವ ಜನರಲ್ಲಿ. ಮೂರು ದೃಶ್ಯ ಹೇಳುತ್ತೇನೆ.

ಮೊದಲನೆಯದು ಸಂಸತ್ತಿನ ಸಭೆ. ವಿಜ್ಞಾನಿ ಯಮಾನೆ (ತಕಾಶಿ ಶಿಮುರಾ) ಈ ಪ್ರಾಣಿ ಹೈಡ್ರೋಜನ್ ಬಾಂಬ್ ಪರೀಕ್ಷೆಯಿಂದಲೇ ಹೊರಬಂದಿದೆ ಎಂದು ಸಾಕ್ಷಿ ಸಮೇತ ಹೇಳುತ್ತಾರೆ. ಒಬ್ಬ ಸದಸ್ಯ ಎದ್ದು, ಇದನ್ನು ಬಹಿರಂಗ ಮಾಡಬಾರದು, ಬೇರೆ ದೇಶಗಳ ಜೊತೆಗಿನ ಸಂಬಂಧ ಕೆಡುತ್ತದೆ, ಜನ ಗಾಬರಿಯಾಗುತ್ತಾರೆ ಅನ್ನುತ್ತಾನೆ. ಮಹಿಳಾ ಸದಸ್ಯರು ಸುಮ್ನೆ ಕೂರುವುದಿಲ್ಲ. ಸತ್ಯ ಸತ್ಯವೇ, ಹೇಳಲೇಬೇಕು ಅಂತ ಕೂಗುತ್ತಾರೆ. ಸಭೆ ಗದ್ದಲವಾಗುತ್ತದೆ. ಬಾಂಬ್ ಸಿಡಿಸಿದವರ ಹೆಸರನ್ನು ಚಿತ್ರ ಒಮ್ಮೆಯೂ ಎತ್ತುವುದಿಲ್ಲ, ಆದರೆ ಹೆಸರು ಎತ್ತಲು ಹೆದರುವವರನ್ನು ನೇರವಾಗಿ ತೋರಿಸುತ್ತದೆ. ಅಮೆರಿಕದ ಆಡಳಿತ ಜಪಾನಿನಿಂದ ಹೋಗಿ ಎರಡೇ ವರ್ಷವಾಗಿತ್ತು, ಆ ಆಡಳಿತದ ಕಾಲದಲ್ಲಿ ಅಣುಬಾಂಬಿನ ವಿಷಯದ ಮೇಲೆ ಸೆನ್ಸಾರ್ ಇತ್ತು. ಅದನ್ನು ನೆನೆದರೆ ಈ ದೃಶ್ಯದ ಧೈರ್ಯ ಗೊತ್ತಾಗುತ್ತದೆ.

ಎರಡನೆಯದು ರೈಲಿನಲ್ಲಿ. ಕೆಲಸದಿಂದ ಮನೆಗೆ ಹೋಗುವವರ ಮಾಮೂಲಿ ಹರಟೆ. ವಿಷದ ಟ್ಯೂನಾ ಆಯಿತು, ವಿಕಿರಣದ ಮಳೆ ಆಯಿತು, ಈಗ ಇದೊಂದು ಬೇರೆ ಅಂತ ಒಬ್ಬ ಹೆಂಗಸು ಬೇಸರದಿಂದ ಅನ್ನುತ್ತಾಳೆ. ನಾಗಸಾಕಿಯಲ್ಲಿ ಹೇಗೋ ಜೀವ ಉಳಿಸಿಕೊಂಡು ಬಂದವಳು ನಾನು ಎಂದೂ ಸೇರಿಸುತ್ತಾಳೆ. ಅಳುವುದಿಲ್ಲ, ಹಿನ್ನೆಲೆಯಲ್ಲಿ ಸಂಗೀತವೂ ಇಲ್ಲ. ಬೆಲೆ ಏರಿಕೆಯ ಬಗ್ಗೆ ಗೊಣಗುವಂತೆ ಹೇಳಿ ಮುಗಿಸುತ್ತಾಳೆ.

ಮೂರನೆಯದು ದಾಳಿ ನಡೆಯುವಾಗಲೇ ಶುರುವಾಗುತ್ತದೆ. ಉರಿಯುವ ಬೀದಿಯ ಗೋಡೆಗೆ ಒರಗಿ ಒಬ್ಬ ತಾಯಿ ಮಕ್ಕಳನ್ನು ಅಪ್ಪಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗಿಬಿಡುತ್ತೇವೆ ಅನ್ನುತ್ತಾಳೆ. ಗಂಡ ಯುದ್ಧದಲ್ಲಿ ತೀರಿಹೋದವನು ಅಂತ ಬೇರೆ ಹೇಳಬೇಕಿಲ್ಲ. ಬೆಳಗಾಗುತ್ತದೆ. ಬೇರೆ ಚಿತ್ರವಾಗಿದ್ದರೆ ಇಲ್ಲಿ ವೀರರು ಮುಂದಿನ ಯೋಜನೆ ಹಾಕುತ್ತಿದ್ದರು. ಹೊಂಡಾ ಕ್ಯಾಮೆರಾವನ್ನು ಆಸ್ಪತ್ರೆಗೆ ಒಯ್ಯುತ್ತಾರೆ. ಮೊಗಸಾಲೆಯ ನೆಲದ ಮೇಲೆ ಸಾಲಾಗಿ ಮಲಗಿಸಿದ ಗಾಯಾಳುಗಳು. ಒಬ್ಬಾತ ಪುಟ್ಟ ಮಗುವಿನ ಹತ್ತಿರ ಗೈಗರ್ ಕೌಂಟರ್ ಹಿಡಿಯುತ್ತಾನೆ, ಅದು ಜೋರಾಗಿ ಸದ್ದು ಮಾಡುತ್ತದೆ, ಅವನು ತಲೆ ಅಲ್ಲಾಡಿಸುತ್ತಾನೆ. ಆ ಮಗುವಿನ ಮೈಮೇಲೆ ಗಾಯವೇನೂ ಇಲ್ಲ.

ಕೊನೆಯ ಭಾಗದಲ್ಲಿ ಸೆರಿಜಾವಾ ಎಂಬ ವಿಜ್ಞಾನಿಯ ಕಥೆ. ನೀರಿನ ಆಮ್ಲಜನಕವನ್ನೇ ನಾಶಮಾಡಿ ಜೀವಿಗಳನ್ನು ಕೊಲ್ಲುವ ಶಕ್ತಿಯನ್ನು ಅವನು ಅಕಸ್ಮಾತ್ ಕಂಡುಹಿಡಿದಿದ್ದಾನೆ. ದೈತ್ಯವನ್ನು ಕೊಲ್ಲಲು ಬೇರೆ ದಾರಿಯಿಲ್ಲ. ಆದರೆ ಒಮ್ಮೆ ಬಳಸಿದರೆ ಅಧಿಕಾರದಲ್ಲಿರುವವರು ಇದನ್ನೂ ಆಯುಧ ಮಾಡಿಕೊಳ್ಳುತ್ತಾರೆ ಎಂಬ ಭಯ. ಕೊನೆಗೆ ತನ್ನ ಕಾಗದಗಳನ್ನೆಲ್ಲ ಸುಟ್ಟು, ಸಮುದ್ರಕ್ಕೆ ಇಳಿದು ಅದನ್ನು ಬಳಸಿ, ಮೇಲಿನಿಂದ ತನಗೆ ಗಾಳಿ ಬರುವ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ಗುಟ್ಟು ಅವನ ತಲೆಯಲ್ಲೂ ಉಳಿಯಬಾರದು. ಅಕಿಹಿಕೊ ಹಿರಾಟಾ ಈ ಪಾತ್ರವನ್ನು ಬಹಳ ಸಂಯಮದಿಂದ ಮಾಡಿದ್ದಾರೆ. ನಾಯಕ, ನಾಯಕಿ, ಸೆರಿಜಾವಾ ನಡುವಿನ ಪ್ರೇಮದ ಎಳೆ ಮಾತ್ರ ತೆಳು, ಅದು ಇಲ್ಲದಿದ್ದರೂ ನಷ್ಟವಿರಲಿಲ್ಲ. ದೈತ್ಯ ಸತ್ತ ಮೇಲೂ ಯಮಾನೆಗೆ ಸಮಾಧಾನವಿಲ್ಲ: ಪರೀಕ್ಷೆಗಳು ಹೀಗೇ ಮುಂದುವರಿದರೆ ಇಂಥದ್ದು ಮತ್ತೊಂದು ಎಲ್ಲೋ ಬಂದೀತು ಅನ್ನುತ್ತಾರೆ.

ಜನ ಮುಗಿಬಿದ್ದರು. ಸುಮಾರು 96 ಲಕ್ಷ ಟಿಕೆಟ್ ಹೋಯಿತು, ಆ ವರ್ಷ ಜಪಾನಿನಲ್ಲಿ ಅತಿ ಹೆಚ್ಚು ಜನ ನೋಡಿದ ಚಿತ್ರಗಳಲ್ಲಿ ಅದು ಎಂಟನೆಯದು. ವಿಮರ್ಶಕರಲ್ಲಿ ಅನೇಕರು ಮಾತ್ರ ಮುಖ ಸಿಂಡರಿಸಿದರು. ತಂತ್ರವನ್ನು ಹೊಗಳಿದವರೂ ಕಥೆಯನ್ನು ಒಪ್ಪಲಿಲ್ಲ. ಯುದ್ಧದ ನಾಶವನ್ನೂ ಮೀನುಗಾರರ ದುರಂತವನ್ನೂ ದುಡ್ಡು ಮಾಡಲು ಬಳಸಿಕೊಂಡಿದ್ದಾರೆ ಎಂಬ ಆರೋಪ ಬಂತು. ಕುಬೊಯಾಮಾ ಸತ್ತು ಆರು ವಾರವಾಗಿದ್ದಾಗ ಬಂದ ಆ ಮಾತನ್ನು ತಳ್ಳಿಹಾಕುವುದು ನನಗೆ ಸರಿ ಅನ್ನಿಸುವುದಿಲ್ಲ, ಆ ಕಸಿವಿಸಿ ಪ್ರಾಮಾಣಿಕವಾದದ್ದು. ಆದರೂ ಅವರು ತಪ್ಪಿದರು ಅಂತಲೇ ನನ್ನ ತೀರ್ಮಾನ. ಸುಮ್ನೆ ದುಡ್ಡಿಗಾಗಿ ಮಾಡುವವರು ದೋಣಿಯ ಹೆಸರನ್ನು ಇಟ್ಟುಕೊಂಡು, ಆಸ್ಪತ್ರೆಯ ದೃಶ್ಯವನ್ನು ತೆಗೆಯುತ್ತಿದ್ದರು. ಇಲ್ಲಿ ಆಗಿರುವುದು ಅದರ ಉಲ್ಟಾ. ಚಿತ್ರದ ನಿಜವಾದ ಕೊರತೆ ಬೇರೆ ಕಡೆ ಇದೆ. ಜಪಾನ್ ಅನುಭವಿಸಿದ್ದು ಅದರಲ್ಲಿದೆ, ಜಪಾನಿನ ಸೇನೆ ಚೀನಾದಲ್ಲಿ, ಇಂಡೋನೇಷ್ಯಾದಲ್ಲಿ ಬೇರೆಯವರಿಗೆ ಮಾಡಿದ್ದು ಇಲ್ಲ. ಅದೇ ಸೇನೆಯಲ್ಲಿದ್ದ ಹೊಂಡಾ ಅವರ ಚಿತ್ರದಲ್ಲಿ ಆ ಮೌನ ಎದ್ದು ಕಾಣುತ್ತದೆ.

ಹೊರದೇಶದ ಕಥೆ ಇನ್ನೊಂದು ಥರ. ಅಮೆರಿಕದ ಹಂಚಿಕೆದಾರರು ಹಕ್ಕನ್ನು 25,000 ಡಾಲರಿಗೆ ಕೊಂಡು, 1956ರಲ್ಲಿ ಬೇರೆಯೇ ರೂಪ ಕೊಟ್ಟು ಬಿಡುಗಡೆ ಮಾಡಿದರು. ರೇಮಂಡ್ ಬರ್ ಎಂಬ ನಟರನ್ನು ಅಮೆರಿಕದ ಪತ್ರಕರ್ತನಾಗಿ ಹೊಸದಾಗಿ ಸೇರಿಸಿದರು. ಮೂಲದ ನಟರ ಜೊತೆ ಅವನು ಮಾತಾಡುವಂತೆ ಕಾಣಲಿ ಅಂತ, ಅವರಂಥದ್ದೇ ಉಡುಪು ತೊಟ್ಟವರನ್ನು ಕ್ಯಾಮೆರಾಗೆ ಬೆನ್ನು ಮಾಡಿಸಿ ನಿಲ್ಲಿಸಿದರು. 96 ನಿಮಿಷದ ಚಿತ್ರ 80 ನಿಮಿಷವಾಯಿತು. ಆಸ್ಪತ್ರೆಯ ಚಿತ್ರಗಳು ಉಳಿದವು, ಹೈಡ್ರೋಜನ್ ಬಾಂಬ್ ಎಂಬ ಮಾತೂ ಒಂದು ಕಡೆ ಉಳಿಯಿತು. ಆದರೆ ಸಂಸತ್ತಿನ ಜಗಳ ಹೋಯಿತು, ನಾಗಸಾಕಿಯ ಹೆಂಗಸು ಹೋದಳು. ಕೊನೆಯಲ್ಲಿ ಯಮಾನೆಯ ಎಚ್ಚರಿಕೆಯ ಜಾಗದಲ್ಲಿ, ಅಪಾಯ ಕಳೆಯಿತು, ಜಗತ್ತು ಇನ್ನು ಮತ್ತೆ ಬದುಕಬಹುದು ಎಂಬ ಅರ್ಥದ ಪತ್ರಕರ್ತನ ಮಾತು ಬಂದು ಕೂತಿತು. ಅಂದರೆ ಮೂಲದ ಕೊನೆಗೆ ನೇರ ವಿರುದ್ಧ. ನೋವು ಉಳಿಯಿತು, ಅದಕ್ಕೆ ಕಾರಣ ಯಾರು, ಮುಚ್ಚಿಟ್ಟವರು ಯಾರು ಎಂಬ ಪ್ರಶ್ನೆ ಹೋಯಿತು.

ಆದರೂ ಹೊರಗಿನ ಜಗತ್ತಿಗೆ ಈ ದೈತ್ಯವನ್ನು ಪರಿಚಯಿಸಿದ್ದು ಇದೇ ಆವೃತ್ತಿ. ಅದು 1957ರಲ್ಲಿ ಜಪಾನಿಗೂ ಹೋಗಿ ಪ್ರದರ್ಶನ ಕಂಡಿತು. ಮೂಲ ಚಿತ್ರ, ಪೂರ್ತಿಯಾಗಿ, ಸಬ್‌ಟೈಟಲ್ ಸಮೇತ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾಗಲು 2004ರವರೆಗೆ, ಅಂದರೆ ಐವತ್ತು ವರ್ಷ, ಕಾಯಬೇಕಾಯಿತು. ಅಲ್ಲಿಯವರೆಗೆ ಅದನ್ನು ಅಗ್ಗದ ದೈತ್ಯದ ಸಿನಿಮಾ ಅಂದುಕೊಂಡಿದ್ದ ಎಷ್ಟೋ ವಿಮರ್ಶಕರು ಆಗ ಹೊಸದಾಗಿ ಬರೆದರು. ನೀವು ನೋಡುವುದಾದರೆ ಮೊದಲು ಅವಧಿ ನೋಡಿಕೊಳ್ಳಿ. 96 ನಿಮಿಷ ಇರುವುದನ್ನೇ ಹಾಕಿ, ಮತ್ತೆ ಸಂಸತ್ತಿನ ಆ ದೃಶ್ಯ ಬಂದಾಗ ಮುಂದಕ್ಕೆ ಓಡಿಸಬೇಡಿ.